ಬೇಲಿ ಮೂಲೆಯ ಕಾಯಿ

“ಬೇಲಿ ಮೂಲೆ ಒಂದು ಬುಟ್ಬುಡಪ್ಪ. ಅಲ್ಲಿ ಗುದ್ದಲಿ ಹಾಕಬ್ಯಾಡ.”

ಹೊಂಬಾಳಮ್ಮ ಹೀಗೆಂದಾಗ ಬಸವಕುಮಾರ ಎದುರಿಗೆ ನಗಲಿಲ್ಲ. ಜೇಬಿನಿಂದ ಮೊಬೈಲು ತೆಗೆದು, ಇನ್ನೊಂದು ಸಲ ಹೇಳಿ ಅಜ್ಜಿ, ಮರೆತುಹೋಗ್ತದೆ, ನೆನಪಿಗೆ ಇಟ್ಕೊಳ್ತೀನಿ ಎಂದ. ಮುದುಕಿ ನಂಬಿದಳು. ಸೆರಗು ಸರಿಮಾಡಿಕೊಂಡು, ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ ನಿಧಾನವಾಗಿ ಎಲ್ಲವನ್ನೂ ಮತ್ತೆ ಹೇಳಿದಳು. ತನ್ನ ಅತ್ತೆಯ ಕಾಲದಲ್ಲಿ ಯಾರೋ ದಾಯಾದಿಗಳು ಮಾಟ ಮಾಡಿಸಿ ಅಲ್ಲೊಂದು ಕಾಯಿ ಹೂತಿದ್ದರಂತೆ. ಆ ವರ್ಷ ತೋಟದ ಎಷ್ಟೋ ಮರಗಳ ಸುಳಿ ಕಳಚಿ ಬಿದ್ದವಂತೆ. ಬಲ್ಲವರೊಬ್ಬರು ಬಂದು ನೋಡಿ, ಅದನ್ನು ಕೀಳಬೇಡಿ, ಯಾರ ಕೈಯೂ ತಾಗದಿದ್ದರೆ ಅದು ಮಲಗಿಯೇ ಇರುತ್ತದೆ ಎಂದಿದ್ದರಂತೆ.

ಬಸವಕುಮಾರ ತುಮಕೂರಿನವನು. ತುರುವೇಕೆರೆಗೆ ಬಂದು ನರ್ಸರಿ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಹೊಸದಾಗಿ ಮನೆ ಕಟ್ಟಿದವರಿಗೆ ಅಂಗಳ, ಹಿತ್ತಲುಗಳಲ್ಲಿ ಕೈತೋಟ ಮಾಡಿಕೊಡುತ್ತಿದ್ದ. ಹೊಂಬಾಳಮ್ಮನ ಸೊಸೆ ನಿರ್ಮಲಾ ಅವನ ವೀಡಿಯೋಗಳನ್ನು ನೋಡಿಯೇ ಮಾಯಸಂದ್ರ ರಸ್ತೆಯ ತಮ್ಮ ಮನೆಗೆ ಕರೆಸಿದ್ದಳು. ಕಲ್ಲುಹಾಸಿನ ದಾರಿ, ಅದರ ಎರಡೂ ಬದಿಗೆ ದಾಸವಾಳ, ಕಿಟಕಿಯ ಕೆಳಗೆ ಮಲ್ಲಿಗೆ, ಬೇಲಿ ಮೂಲೆಯಲ್ಲಿ ತಾವರೆಯ ತೊಟ್ಟಿ. ಅವನ ನಕ್ಷೆ ಅವಳಿಗೆ ತುಂಬ ಹಿಡಿಸಿತ್ತು.

ಆ ಸಂಜೆ ಅವನು ಮುದುಕಿಯ ಮಾತಿಗೆ ಹಿನ್ನೆಲೆಯಲ್ಲಿ ಕೇಕೆಯ ಸದ್ದು ಸೇರಿಸಿ ವೀಡಿಯೋ ಹಾಕಿದ. ಊರಿಗೆ ಊರೇ ನಕ್ಕಿತು.

ಮಾರನೆಯ ದಿನ ಗುದ್ದಲಿಯನ್ನು ತಾನೇ ಹಿಡಿದ. ಹೊಂಬಾಳಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೆತ್ತಿ ಸುಡುವ ಬಿಸಿಲು. ಆದರೂ ಆ ಮೂಲೆಯ ಮಣ್ಣು ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಮೊಳಕಾಲುದ್ದ ತೋಡುವಷ್ಟರಲ್ಲಿ ಗುದ್ದಲಿಗೆ ಏನೋ ತಾಗಿತು. ಕಪ್ಪು ಬಟ್ಟೆ. ಬಟ್ಟೆಯ ತುಂಬ ಚುಚ್ಚಿದ ಸೂಜಿಗಳು. ಬಿಡಿಸಿದರೆ ಒಳಗೆ ಜುಟ್ಟು ಬಿಟ್ಟ ತೆಂಗಿನಕಾಯಿ.

ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅಟ್ಟಕ್ಕೆ ಹಾಕಿದ ಕಾಯಿ ವರ್ಷದೊಳಗೆ ನೀರಾರಿ ಕೊಬ್ಬರಿಯಾಗುವುದು ಅಲ್ಲಿ ಎಲ್ಲರಿಗೂ ಗೊತ್ತು. ಒಂದು ತಲೆಮಾರು ಮಣ್ಣಲ್ಲಿದ್ದ ಈ ಕಾಯಿಯೊಳಗೆ ನೀರು ಗುಳುಗುಳು ಎಂದಿತು.

ಬಟ್ಟೆ ಒಗೆಯುವ ಕಲ್ಲಿಗೆ ಅದನ್ನು ಅಪ್ಪಳಿಸಿದ. ಎರಡು ಹೋಳಾಯಿತು. ತಿರುಳು ಆಗಷ್ಟೇ ಒಡೆದ ಪೂಜೆಯ ಕಾಯಿಯಂತೆ ಬೆಳ್ಳಗಿತ್ತು. ಕೊಳೆತ ವಾಸನೆ ಇರಲಿಲ್ಲ. ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದ ಹಸುಗೂಸಿನ ನೆತ್ತಿಯ ವಾಸನೆ. ನಿರ್ಮಲಾ ಮೂಗಿಗೆ ಸೆರಗು ಹಿಡಿದು ಹಿಂದಕ್ಕೆ ಸರಿದಳು. ಅವಳ ಭಯ ಬಿಡಿಸಲೆಂದು ಬಸವಕುಮಾರ ಒಂದು ಚೂರು ಎಬ್ಬಿಸಿ ಬಾಯಿಗೆ ಹಾಕಿಕೊಂಡು ಅಗಿದ. ಸಿಹಿಯಾಗಿತ್ತು. ಹೋಳುಗಳನ್ನು ಬೇಲಿಯ ಬುಡಕ್ಕೆ ಎಸೆದ.

ಅವತ್ತು ಮಧ್ಯಾಹ್ನ ಅವನು ನೆಟ್ಟ ಮಲ್ಲಿಗೆ ಸಂಜೆಯ ಹೊತ್ತಿಗೆ ಕಪ್ಪಗಾಗಿತ್ತು. ಬಿಸಿಲಿಗೆ ಎಂದುಕೊಂಡ. ನರ್ಸರಿಯಲ್ಲಿ ಅವನು ಮುಟ್ಟಿದ ಸಸಿಗಳೇ ಆರಿಸಿಟ್ಟಂತೆ ಸುಟ್ಟುಹೋದವು, ಪಕ್ಕದವು ನಳನಳಿಸುತ್ತಿದ್ದವು. ಬೇರುಕೊಳೆ ಎಂದು ಔಷಧಿ ಹೊಡೆದ. ತನ್ನ ಕೈಯನ್ನು ಮಾತ್ರ ಅವನು ಅನುಮಾನಿಸಲಿಲ್ಲ.

ಹೆಂಡತಿ ತವರಿನಿಂದ ಮರಳಿದ ಸಂಜೆ ಅವನು ಮನೆಗೆ ಬಂದಾಗ ಮಗಳು ಅಂಬೆಗಾಲಿಕ್ಕುತ್ತ ಬಾಗಿಲಿಗೆ ಬಂದಳು. ನಕ್ಕಳು. ಎತ್ತಿಕೊಂಡ. ನಗು ನಿಂತಿತು. ಕೂಸು ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಕಂಕುಳಲ್ಲಿ ಅವನ ಬೆರಳು ಊರಿದ ಕಡೆ ಚರ್ಮ ತಣ್ಣಗಾಯಿತು. ಬಿಗಿಯಿತು. ಒಣಗಿದ ತೆಂಗಿನ ಸೋಗೆಯ ಬಣ್ಣಕ್ಕೆ ತಿರುಗಿತು. ಕೆಳಗಿಳಿಸಿದ. ಬೆರಳಿನ ಗುರುತು ಹೋಗಲಿಲ್ಲ. ಬೆಳೆಯಿತು. ಅವನ ಕಣ್ಣೆದುರಿಗೇ ಬೆಳೆಯಿತು.

ಡಾಕ್ಟರು ಮುಲಾಮು ಕೊಟ್ಟರು. ಬೆಳಗಾಗುವಷ್ಟರಲ್ಲಿ ಕಲೆ ಎದೆಗೆ ಹಬ್ಬಿತ್ತು. ನೀವು ಮುಟ್ಟಬೇಡಿ ಎಂದಳು ಹೆಂಡತಿ, ಅವನ ಮುಖ ನೋಡದೆ.

ಅವನು ಹೊಂಬಾಳಮ್ಮನಲ್ಲಿಗೆ ಓಡಿದ. ನಿರ್ಮಲಾ ತನ್ನ ಗಂಡ, ಮಗಳ ಜೊತೆ ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿದ್ದಳು. ಮುದುಕಿ ಒಬ್ಬಳೇ ಹಿತ್ತಲ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಕಾಲಿಗೆ ಬೀಳಲು ಬಗ್ಗಿದವನು ತನ್ನ ಕೈ ನೆನಪಾಗಿ ಅರ್ಧಕ್ಕೇ ನಿಂತ. ಮಗುವಿನ ವಿಷಯ ಹೇಳುತ್ತ ಅತ್ತ.

“ನನ್ನ ಮಾತಿಗೆ ಜನ ನಗೋದ ಯಾರೋ ತೋರಿಸಿದ್ರು ಕಣಪ್ಪ,” ಎಂದಳು ಹೊಂಬಾಳಮ್ಮ. “ಆವತ್ತು ಬಾಳ ನಾಚಿಕೆ ಆಯ್ತು. ಅದಿರ್ಲಿ ಬುಡು. ಕೂಸು ಏನು ಮಾಡೀತು.”

ಆ ಬಲ್ಲವರು ಹೇಳಿದ್ದ ಪರಿಹಾರ ಒಂದೇ ಎಂದಳು. ತಿಂದವನ ಕೈಯಿಂದ ಇನ್ನೊಬ್ಬರು ತಿನ್ನಬೇಕು. ಏನೆಂದು ಗೊತ್ತಿದ್ದೇ, ಮನಸಾರೆ ತಿನ್ನಬೇಕು. ಆಗ ಅದು ಅವರ ಕೈಗೆ ಹೋಗುತ್ತದೆ, ಮತ್ತೆ ಬಿಡುವುದಿಲ್ಲ.

ಹೋಳುಗಳು ಬೇಲಿಯ ಬುಡದಲ್ಲಿ ಎಸೆದ ಹಾಗೇ ಬಿದ್ದಿದ್ದವು. ಇರುವೆ ಮುಟ್ಟಿರಲಿಲ್ಲ. ತಿರುಳು ಬೆಳ್ಳಗೇ ಇತ್ತು. ಅದೇ ಎಳೆಗೂಸಿನ ವಾಸನೆ. ಅವನು ಒಂದು ಚೂರು ಎಬ್ಬಿಸಿಕೊಂಡು ಬಂದ.

ಮುದುಕಿ ಬಾಯಿ ತೆರೆದಳು. ತೆರೆದವಳು ಅವನನ್ನೇ ನೋಡುತ್ತ ಕೂತಳು. ಅವನಿಂದ ಒಂದು ಮಾತು ಬರಲಿ ಎಂದು ಕಾಯುವವಳ ಹಾಗೆ. ಬೇಡ ಅಜ್ಜಿ ಎನ್ನಲು ಬೇಕಾದಷ್ಟು ಸಮಯವಿತ್ತು. ಬಸವಕುಮಾರ ಅನ್ನಲಿಲ್ಲ. ಚೂರನ್ನು ಅವಳ ನಾಲಿಗೆಯ ಮೇಲಿಟ್ಟ.

ಅವಳು ಅಗಿದು ನುಂಗಿದಳು. ತೊಡೆಯ ಮೇಲಿದ್ದ ಸೊಪ್ಪು ಅವಳ ಬೆರಳ ಕೆಳಗೇ ಮುದುರಿ ಕಪ್ಪಗಾಯಿತು.

ಅವನು ಮನೆ ತಲುಪುವ ಮೊದಲೇ ಮಗುವಿನ ಅಳು ಬೀದಿಗೆ ಕೇಳುತ್ತಿತ್ತು. ಗಟ್ಟಿ ಅಳು. ಕಲೆ ಇಳಿದಿತ್ತು. ಅಂಜುತ್ತಲೇ ಎತ್ತಿಕೊಂಡ, ಏನೂ ಆಗಲಿಲ್ಲ. ಹೆಂಡತಿ ಹೇಗೆ ವಾಸಿಯಾಯಿತೆಂದು ಕೇಳಿದಳು. ಮುಲಾಮಿನಿಂದ ಎಂದ.

ಆಮೇಲೆ ಅವನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟ. ಆದರೆ ನಿರ್ಮಲಾ ಮತ್ತೆ ಮತ್ತೆ ಫೋನ್ ಮಾಡಿದಳು. ಹಾಕಿದ ಗಿಡಗಳೆಲ್ಲ ಒಣಗುತ್ತಿವೆ, ಬಂದು ನೋಡಿ ಎಂದಳು. ಕೊನೆಗೆ ಹೋಗಲೇಬೇಕಾಯಿತು.

ಆಳುಗಳು ನೆಟ್ಟಿದ್ದ ದಾಸವಾಳದ ಸಾಲು ಕಡ್ಡಿಯಾಗಿ ನಿಂತಿತ್ತು. ಅತ್ತೆ ಮೊದಮೊದಲು ಗಿಡಗಳ ಮೇಲೆ ಕೈಯಾಡಿಸುತ್ತಿದ್ದರು, ಈಗ ಇತ್ತ ಬರುವುದೇ ಇಲ್ಲ ಎಂದಳು ನಿರ್ಮಲಾ. ಮಣ್ಣಿನಲ್ಲಿ ಸವಳು ಜಾಸ್ತಿ ಎಂದ ಬಸವಕುಮಾರ. ಅವಳು ನಂಬಿದಳು.

ಹೊಂಬಾಳಮ್ಮ ಜಗಲಿಯ ಮೂಲೆಯಲ್ಲಿ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದಳು. ಸೊರಗಿದ್ದಳು. ನಿರ್ಮಲಾಳ ಪುಟ್ಟ ಮಗಳು ಎಲ್ಲಿಂದಲೋ ಓಡಿ ಬಂದು ಅಜ್ಜಿಯ ತೊಡೆ ಹತ್ತಲು ಹೋಯಿತು. ಮುದುಕಿ ಗೋಡೆಗೆ ಒತ್ತಿಕೊಂಡು, ದೂರ ಹೋಗು, ಹತ್ತಿರ ಬರಬ್ಯಾಡ ಎಂದು ಗದರಿದಳು. ಮಗು ಬೆಚ್ಚಿ ಅಳುತ್ತ ತಾಯಿಯ ಸೀರೆ ಹಿಡಿಯಿತು.

“ನೋಡಿ ಇವ್ರೇ,” ಎಂದಳು ನಿರ್ಮಲಾ. “ಊಟಾನೂ ಇವರೇ ಮಾಡಿಸ್ತಿದ್ರು. ಈಗ ಮಗು ಕಂಡ್ರೆ ಆಗಲ್ಲ. ಇಷ್ಟು ಕಟುಕರು ಹೆಂಗಾದರೋ.”

ಹೊಂಬಾಳಮ್ಮ ಬಸವಕುಮಾರನನ್ನು ನೋಡಿದಳು. ಅವನು ನೆಲ ನೋಡಿದ.

“ವಯಸ್ಸಾದ ಮೇಲೆ ಹಂಗೇ ಅಲ್ವಾ,” ಎಂದ.

ಮುದುಕಿ ಹೌದೆನ್ನುವಂತೆ ತಲೆಯಾಡಿಸಿದಳು.