ಇಪ್ಪತ್ತೇಳಾ, ಮೂವತ್ತೊಂದಾ?

"ನೀವು ಯಾವ ಕ್ಲಬ್ಬಿನ ಗೂಢಚಾರರು?"

ಕ್ಲಾರಿಸ್ ಕೇಳಿಯೇಬಿಟ್ಟಳು. ತರಬೇತಿ ಮೈದಾನದ ಆಚೆ ಬೇಲಿಯಿಂದ ಬಹಳ ಹೊತ್ತು ಈ ಕಡೆಗೇ ಬೈನಾಕ್ಯುಲರ್ ಹಿಡಿದಿದ್ದವನು, ಈಗ ಅರ್ಧ ಮೈದಾನ ಸುತ್ತಿ ಬಂದು ಅವಳ ಪಕ್ಕದಲ್ಲೇ ನಿಂತಿದ್ದ!

ಅವನು ತಬ್ಬಿಬ್ಬಾದ. ಕಿವಿಗಳು ಕೆಂಪಗಾದವು.

"ಗೂಢಚಾರನಾ? ಛೆ... ನಾನು ಇದೇ ಪೆಲಿಕನ್ಸ್ ತಂಡದ ಪಕ್ಕಾ ಅಭಿಮಾನಿ ಕಣ್ರೀ. ಹೆಸರು ರೋರಿ."

'ಮನೆತನದ ಹೆಸರು ನುಂಗಿದ... ಯಾಕೆ?'

ತಾನೂ 'ವೆಲ್ಲಾ' ಅನ್ನುವುದನ್ನು ನುಂಗಿ ಬರೀ ಕ್ಲಾರಿಸ್ ಎಂದಳು, ಅದು ಬೇರೆ ಮಾತು! ಒಳಗೆ ಬೆವರು ಸುರಿಸಿ ಓಡುತ್ತಿದ್ದ ಇಪ್ಪತ್ತೇಳನೇ ನಂಬರಿನ ಡೀನ್ ಅವಳ ತಮ್ಮ. ಅದು ಗೊತ್ತಾದರೆ ಬೇಲಿಯ ಪಕ್ಕದ ಜನ ಅವಳೆದುರು ಮನಸ್ಸು ಬಿಚ್ಚಿ ಮಾತಾಡುತ್ತಿರಲಿಲ್ಲ.

ಫೆಬ್ರವರಿಯ ಬಿಸಿಲು ಮೆಲ್ಬರ್ನನ್ನು ಸುಡುತ್ತಿತ್ತು. ಮಾರ್ಚಿನಲ್ಲಿ ಫುಟ್ಬಾಲ್ ಸೀಸನ್ ಶುರು; ಚೆಂಡನ್ನು ಕೈಯಲ್ಲಿ ಹಿಡಿದು ಕಾಲಲ್ಲಿ ಒದೆಯುವ ಆಸ್ಟ್ರೇಲಿಯಾದ ಫುಟ್ಬಾಲ್. ತಂಡದಲ್ಲಿ ಖಾಲಿಯಿದ್ದದ್ದು ಒಂದೇ ಜಾಗ, ಅದರ ಮೇಲೆ ಕಣ್ಣಿಟ್ಟಿದ್ದವರು ಇಬ್ಬರು ಹುಡುಗರು: ಇಪ್ಪತ್ತೇಳು ಮತ್ತು ಮೂವತ್ತೊಂದು.

"ಮೂವತ್ತೊಂದೇ ಬರ್ಬೇಕು!" ಮಡಚುವ ಕುರ್ಚಿಯಲ್ಲಿ ಕೂತು ಕ್ಲಬ್ಬಿನ ಬಣ್ಣದ ಸ್ಕಾರ್ಫ್ ಹೆಣೆಯುತ್ತಿದ್ದ ಮೇವಿಸ್ ಅಜ್ಜಿ ತೀರ್ಪು ಕೊಟ್ಟಳು. "ಎಡಗಾಲಲ್ಲಿ ಹೆಂಗೆ ಒದೀತಾನೆ ನೋಡು."

"ಒದಿಯೋಕೆ ಮೊದ್ಲು ಚೆಂಡು ಕೈಗೆ ಸಿಗ್ಬೇಕಲ್ಲ ಅಜ್ಜಿ?" ಕ್ಲಾರಿಸ್ ಉರಿದುಬಿದ್ದಳು.

"ನಿನ್ ಇಪ್ಪತ್ತೇಳು ಗಾಳಿ ಬಂದ್ರೆ ಹಾರ್ಹೋಗ್ತಾನಮ್ಮ. ಮನೇಲಿ ಊಟ ಹಾಕಲ್ವೇನೋ, ಪಾಪ."

ಬಿಸಿ ಬಿಸಿ ಪಸ್ತೀಟ್ಸಿ ಪಫ್ ಮಾರುವ ಅಂಗಡಿಯವರ ಮಗನಿಗೆ ಊಟವಿಲ್ಲವಂತೆ!

"ಇಲ್ಲ ಅಜ್ಜಿ," ರೋರಿ ಮೆಲ್ಲಗೆ ಹೇಳಿದ. "ಇಬ್ಬರಲ್ಲಿ ಇಪ್ಪತ್ತೇಳೇ ಒಂದು ಕೈ ಮೇಲು."

ಕ್ಲಾರಿಸಳ ಎದೆ ಅರಳಿತು. ಆದರೆ ಮರುಕ್ಷಣವೇ ಗಮನಿಸಿದಳು... ಅವನ ಬೈನಾಕ್ಯುಲರ್ ತಿರುಗಿದ್ದು ಮೂವತ್ತೊಂದರ ಕಡೆಗೆ.

'ಹೊಗಳೋದು ಒಬ್ಬನನ್ನ, ನೋಡೋದು ಇನ್ನೊಬ್ಬನನ್ನ. ಏನೋ ಇದೆ!'

ಅನುಮಾನ ಪಡುತ್ತಲೇ ಪ್ರತಿ ತರಬೇತಿಗೂ ಹೋದಳು. ಅನುಮಾನ ಪಡುತ್ತಲೇ ಅವನ ಜೊತೆ ಜಗಳವಾಡಿದಳು, ನಕ್ಕಳು, ಅಪ್ಪನ ಅಂಗಡಿಯ ಬಿಸಿ ಪಸ್ತೀಟ್ಸಿ ತಂದುಕೊಟ್ಟಳು. 'ನೀವು' ಹೋಗಿ 'ನೀನು' ಬಂತು. ಅವನು ತಡವಾಗಿ ಬಂದ ದಿನ ಅವಳ ಕಣ್ಣು ಮೈದಾನ ಬಿಟ್ಟು ಗೇಟಿನ ಮೇಲಿತ್ತು. ಇದಕ್ಕೆ ಏನೆನ್ನುತ್ತಾರೆಂದು ನಿಮಗೇ ಗೊತ್ತು.

ಒಂದು ಸಂಜೆ ಜನರೆಲ್ಲ ಹೋದ ಮೇಲೆ ಅವಳು ತಡೆಯಲಾರದೆ ಹೇಳಿಬಿಟ್ಟಳು.

"ರೋರಿ... ಇಪ್ಪತ್ತೇಳು ನನ್ ತಮ್ಮ. ಅವ್ನ ಪಾದದ ಕೀಲು ಊದಿದೆ. ಪಟ್ಟಿ ಸುತ್ತಿ, ಮೇಲೆ ಸಾಕ್ಸ್ ಎಳ್ಕೊಂಡು ಓಡ್ತಿದ್ದಾನೆ. ಕ್ಲಬ್ಬಿಗೆ ಗೊತ್ತಾದ್ರೆ ಜಾಗ ಹೋಗತ್ತೆ. ಯಾರಿಗೂ ಹೇಳ್ಬೇಡ, ಪ್ಲೀಸ್..."

ರೋರಿಯ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ... ಮುಚ್ಚಿದ.

"ಹೇಳಲ್ಲ. ಆದ್ರೆ ಅವ್ನು ಡಾಕ್ಟರಿಗೆ ತೋರಿಸ್ಲಿ, ಕ್ಲಾರಿಸ್."

ಮುಂದಿನ ತರಬೇತಿಯಲ್ಲಿ ಡೀನ್ ಮೈದಾನದಲ್ಲಿ ಇರಲಿಲ್ಲ. ಕ್ಲಬ್ಬಿನ ಡಾಕ್ಟರ್ ಅವನನ್ನು ನೇರವಾಗಿ ಕರೆದು ಸಾಕ್ಸ್ ಬಿಚ್ಚಿಸಿದ್ದರು! ಮೊದಲ ಪಂದ್ಯ ಅವನ ಕೈತಪ್ಪಿತು.

ಕ್ಲಾರಿಸ್ ಬೇಲಿ ಹಿಡಿದು ನಿಂತಿದ್ದಾಗಲೇ ಮೂವತ್ತೊಂದು ಓಡಿಬಂದ.

"ಅಣ್ಣಾ! ಆ ಜಾಗಕ್ಕೆ ನನ್ನನ್ನೇ ಹಾಕಿದ್ರು!"

ಅವನು ತಬ್ಬಿಕೊಂಡಿದ್ದು... ರೋರಿಯನ್ನು. ಅದೇ ಹಣೆ. ಅದೇ ಕೆಂಪು ಕಿವಿ!

ಕ್ಲಾರಿಸ್ ಬೇಲಿ ಬಿಟ್ಟು ನೇರ ರೋರಿಯ ಮುಂದೆ ಹೋಗಿ ನಿಂತಳು.

"ಎಷ್ಟು ಚೆನ್ನಾಗಿ ನಾಟಕ ಆಡ್ದೆ! ನನ್ ತಮ್ಮನ್ನ ಹೊಗಳಿ ಹೊಗಳಿ ನನ್ ಬಾಯಿ ಬಿಡಿಸ್ದೆ, ಅಲ್ವಾ?"

"ನಾನು ಯಾರಿಗೂ ಹೇಳಿಲ್ಲ ಕ್ಲಾರಿಸ್."

"ಮತ್ತೆ ಗಾಳಿ ಬಂದು ಹೇಳ್ತಾ?"

"ಫಿನ್ ನನ್ ತಮ್ಮ ಅಂತ ಮುಚ್ಚಿಟ್ಟಿದ್ದು ತಪ್ಪು. ನೀನು ಕಾಲಿನ ವಿಷ್ಯ ಹೇಳಿದ್ಮೇಲೆ ಬಾಯೇ ಬರ್ಲಿಲ್ಲ... ನೀನು ಹೀಗೇ ಅಂದ್ಕೊಳ್ತೀಯ ಅಂತ ಭಯ ಆಯ್ತು."

"ಅಂದ್ಕೊಂಡೆ. ಹೋಗು!"

ಆಮೇಲೆ ಅವಳು ಬೇಲಿಯ ಹತ್ತಿರ ಸುಳಿಯಲಿಲ್ಲ. ಫೋನ್ ಎತ್ತಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯೇ. ಅವನ ನಗು, ಅವನ ಮೌನ, ಎಲ್ಲವೂ ಈಗ ಮೋಸವೆನಿಸಿತು. ಆದರೂ ಅಳು ನಿಲ್ಲಲಿಲ್ಲ.

ಪಂದ್ಯದ ಬೆಳಿಗ್ಗೆ ಅಂಗಡಿಯಲ್ಲಿ ಅವಳು ಬಿಸಿ ಟ್ರೇ ಹೊತ್ತು ತರುತ್ತಿದ್ದಳು. ಅಪ್ಪ ಲೋರೆನ್ಸ್ ಗಿರಾಕಿಯೊಬ್ಬನಿಗೆ ಎದೆಯುಬ್ಬಿಸಿ ಹೇಳುತ್ತಿದ್ದ:

"ಕಾಲು ಕುಂಬಳಕಾಯಿ ಥರ ಊದಿತ್ತು! ಆದ್ರೂ ಪಿಟಕ್ಕನ್ನದೆ ಓಡ್ದ. ಗಂಡು ಅಂದ್ರೆ ನನ್ ಮಗ!"

ಅವಳು ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಪ್ಪಾ... ಇದನ್ನ ಯಾವಾಗಿಂದ ಹೇಳ್ತಿದ್ದೀಯಾ?"

"ಊದಿದ ದಿನದಿಂದ!"

"ಯಾರ್ಯಾರಿಗೆ?"

"ಬಂದೋರಿಗೆಲ್ಲ. ಕ್ಲಬ್ಬಲ್ಲಿ ಮಸಾಜ್ ಮಾಡೋ ವಿನ್ಸ್ ಅಂತೂ ಬಿಟ್ಟ ಬಾಯಿ ಬಿಟ್ಟಂಗೆ ಕೇಳ್ದ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಈ ಊರಿನಲ್ಲಿ ನೋವು ನುಂಗಿ ಆಡುವುದಕ್ಕಿಂತ ದೊಡ್ಡ ಬಿರುದಿಲ್ಲ. ಪಾಪ, ಅಪ್ಪ ಮಗನ ಆ ಬಿರುದನ್ನು ಊರಿಗೆಲ್ಲ ಸಾರಿದ್ದ, ವಿನ್ಸ್ ಮೂಲಕ ಅದು ಡಾಕ್ಟರ ಕಿವಿಗೂ ಮುಟ್ಟಿತ್ತು, ಅಷ್ಟೇ.

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಡೀನ್ ನಕ್ಕುಬಿಟ್ಟ. "ಬೈಬೇಡ ಅಕ್ಕ. ಇನ್ನೊಂದ್ಸಲ ಉಳುಕಿದ್ರೆ ಇಡೀ ವರ್ಷ ಹೋಗ್ತಿತ್ತಂತೆ. ಈಗ ಒಂದೆರಡು ತಿಂಗಳು, ಅಷ್ಟೇ. ಅಂದಹಾಗೆ ಫಿನ್ ಅವರಣ್ಣ ದಿನಾ ಫೋನ್ ಮಾಡ್ತಾನೆ. ಮೊದ್ಲು ನನ್ ಕಾಲು ಕೇಳ್ತಾನೆ, ಆಮೇಲೆ ನಿನ್ನನ್ನ."

ಕ್ಲಾರಿಸ್ ಏಪ್ರನ್ ಬಿಚ್ಚಿ ಓಡಿದಳು.

ಮೈದಾನದ ಗೇಟಿನಲ್ಲಿ ಜನಜಾತ್ರೆ. ತಮ್ಮನ ಮೊದಲ ಪಂದ್ಯದ ದಿನವೂ ರೋರಿ ಒಳಗೆ ಹೋಗದೆ ಒಂಟಿಯಾಗಿ ನಿಂತಿದ್ದ.

"ಒಳಗೆ ಹೋಗಿಲ್ವಾ?"

"ನೀನು ಬರ್ತೀಯೇನೋ ಅಂತ..."

ಅವಳ ಕಣ್ಣು ತುಂಬಿತು. "ಹೇಳಿದ್ದು ನಮ್ಮಪ್ಪ. ನಿನ್ನನ್ನ ನಂಬ್ಲಿಲ್ಲ ನಾನು... ತಪ್ಪಾಯ್ತು, ರೋರಿ. ನೀನಿಲ್ದೆ ನಂಗೆ ಆಗ್ತಿಲ್ಲ."

"ನಂಗೂ ಅಷ್ಟೇ ಕಣೇ. ಪ್ರೀತಿ ಮಾಡ್ತೀನಿ ನಿನ್ನ." ಅವನು ಅವಳ ಕೈ ಹಿಡಿದ. "ಇವತ್ತು ಯಾರ ಪರ ಕೂಗ್ತೀಯಾ?"

"ಮೂವತ್ತೊಂದರ ಪರ. ಇಪ್ಪತ್ತೇಳು ವಾಪಸ್ ಬರೋವರೆಗೆ ಮಾತ್ರ!" ಕಣ್ಣೊರೆಸಿಕೊಂಡು ಅವಳು ಅವನನ್ನೇ ದಿಟ್ಟಿಸಿದಳು. "ಇನ್ನೇನಾದ್ರೂ ಮುಚ್ಚಿಟ್ಟಿದ್ದೀಯಾ?"

"ಒಂದಿದೆ..." ಕಿವಿಗಳು ಮತ್ತೆ ಕೆಂಪಾದವು. "ಮೊದಲನೇ ದಿನ ಆಚೆ ಬೇಲಿಯಿಂದ ನೋಡ್ತಿದ್ದೆನಲ್ಲ... ಅದು ಆಟಗಾರರನ್ನಲ್ಲ."

ಕ್ಲಾರಿಸ್ ನಾಚಿ ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು.

"ನೋಡಿದ್ಯಾ? ನನ್ ಅನುಮಾನ ಪೂರ್ತಿ ಸುಳ್ಳೇನಲ್ಲ!"