ನೆಲಕ್ಕೆ ಊರಬಾರದ ಕಾಲು

ತಿರ್ಲಾಪುರದ ಬಾಲವಾಡಿ ಕಟ್ಟೆಯ ಮೇಲೆ ನಿಂತಿದ್ದ ಟೀಚರ್ ಮಾದೇವಿಗೆ ನವಲಗುಂದದ ಬಸ್ಸಿನಿಂದ ಉಡಚಪ್ಪ ಇಳಿದದ್ದು ಕಂಡಿತು. ಅವನು ಮಿಲಿಟರಿಗೆ ಸೇರಿ ಐದೇ ತಿಂಗಳಾಗಿತ್ತು. ತರಬೇತಿ ಇನ್ನೂ ಮುಗಿದಿರಲಿಲ್ಲ. ಸಣ್ಣಗೆ ಕತ್ತರಿಸಿದ ತಲೆಗೂದಲು, ಬಿಸಿಲಿಗೆ ಕಂದಿದ ಮುಖ, ಕಣ್ಣು ಮಾತ್ರ ಅವೇ. ತನ್ನ ಕಡೆ ಬಂದೇ ಬರುತ್ತಾನೆಂದು ಅವಳು ಸೆರಗು ಸರಿಮಾಡಿಕೊಂಡಳು. ಅವನು ತಲೆ ತಗ್ಗಿಸಿ, ಅಳೆದಂತೆ ಒಂದೊಂದೇ ಹೆಜ್ಜೆ ಇಡುತ್ತ ಹೊರಟೇಹೋದ.

ಮಿಲಿಟರಿ ಸೊಕ್ಕು ಎಂದುಕೊಂಡಳು ಮಾದೇವಿ. ಎರಡು ದಿನ ಅವನ ಓಣಿಯತ್ತ ಹಾಯಲಿಲ್ಲ.

ಮೂರನೆಯ ಬೆಳಗ್ಗೆ ಹತ್ತಿ ಹೊಲದ ದಾರಿಯಲ್ಲಿ ಅವನು ಓಡುತ್ತಿದ್ದ. ಬಲಗಾಲು ನೆಲ ಮುಟ್ಟಿದಾಗಲೆಲ್ಲ ಅವನ ಬಾಯಿ ತೆರೆದುಕೊಳ್ಳುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಮಾದೇವಿ ದಾರಿಗೆ ಅಡ್ಡ ನಿಂತಳು.

ಅವಳನ್ನು ಕಂಡು ಅವನು ನಗಲು ನೋಡಿದ. “ಎರಡ ದಿನ ಸಿಟ್ಟ ಮಾಡಿದ್ಯಲ್ಲ, ಅದನ್ನ ಓಡಿ ಕಳೀಲಿಕ್ಕೆ ಹತ್ತೀನಿ.”

“ನಗಬ್ಯಾಡ. ಕಾಲಿಗೆ ಏನಾಗೇತಿ ಹೇಳು.”

ಅವನು ಅಂಗಿಯ ಜೇಬಿನಿಂದ ಎರಡು ಕಾಗದ ತೆಗೆದ. ಒಂದು ಮಿಲಿಟರಿ ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದು. ಅದರಲ್ಲಿ ಅವನಿಗೆ ತಿಳಿದದ್ದು ಆರು ವಾರ ರಜೆ ಎಂಬುದಷ್ಟೇ. ಅವರು ಕೊಟ್ಟ ಊರುಗೋಲನ್ನು ನಾಚಿಕೆಗೆ ಅಣ್ಣಿಗೇರಿ ಸ್ಟೇಷನ್ನಿನಲ್ಲೇ ಬಿಟ್ಟು ಬಂದಿದ್ದ.

ಆ ಕಾಗದವನ್ನು ಇಬ್ಬರೂ ಕೂಡಿ ಮಶಾಕಸಾಬರಿಗೆ ತೋರಿಸಿದರು. ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು ಅವರು. ಓದಿ ಮುಗಿಸಿ ಮಾದೇವಿಯ ಕಡೆ ತಿರುಗಿದರು.

“ತೊಡಿ ಎಲುಬು ಸೊಂಟಕ್ಕ ಕೂಡೋ ಜಾಗದಾಗ ಸಣ್ಣ ಬಿರುಕ ಐತವಾ. ಆರು ವಾರ ಬಲಗಾಲ ನೆಲಕ್ಕ ಊರಬಾರದು ಅಂತ ಬರದಾರ. ಈಗ ಯಾವ ಹೆಜ್ಜಿಗೆ ಮುರೀತೈತೊ ಹೇಳಾಕ ಬರೂದಿಲ್ಲ.”

ಎರಡನೆಯ ಕಾಗದವನ್ನು ಮಿಲಿಟರಿ ಆಫೀಸಿನ ಕಾರಕೂನನೊಬ್ಬ ಕೊಟ್ಟಿದ್ದ. ಸ್ವಂತ ಇಚ್ಛೆಯಿಂದ ನೌಕರಿ ಬಿಡುತ್ತೇನೆಂದು ಸಹಿ ಮಾಡಿದರೆ ಎಂಟು ದಿನದಲ್ಲಿ ಬಿಡುಗಡೆ. ಚಿಕಿತ್ಸೆಯೂ ಇಲ್ಲ, ಪಿಂಚಣಿ ಕೇಳುವ ದಾರಿಯೂ ಇಲ್ಲ. ಸಹಿ ಮಾಡದಿದ್ದರೆ ಮರಳಿ ಹೋಗಿ ಮಿಲಿಟರಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕು. ವಾಸಿಯಾದರೆ ಮುಂದಿನ ತುಕಡಿಯ ಜೊತೆ ತರಬೇತಿ. ಆಗದಿದ್ದರೆ ಡಾಕ್ಟರುಗಳ ಮಂಡಳಿಯೇ ಮನೆಗೆ ಕಳಿಸುತ್ತದೆ, ಆಗ ಪಿಂಚಣಿಗೆ ಅರ್ಜಿ ಹಾಕಬಹುದು.

ಉಡಚಪ್ಪನ ಲೆಕ್ಕ ಬೇರೆ ಇತ್ತು. ನೋವು ಮುಚ್ಚಿಟ್ಟು ಓಟದ ಪರೀಕ್ಷೆ ಗೆಲ್ಲುವುದು, ಇಲ್ಲವೇ ಸಹಿ ಮಾಡಿ ಊರಿಗೆ ಬರುವುದು. ಇಷ್ಟು ಅವಸರವೇಕೆಂದು ಅವಳು ಕೇಳಿದಳು. ಅವನು ಅವಳ ಮುಖ ನೋಡಲಿಲ್ಲ.

“ಕುಂದಗೋಳದವ್ರು ನಿನ್ನ ನೋಡಾಕ ಬರ್ತಾರಂತ. ನಾ ಆಸ್ಪತ್ರಿಯೊಳಗ ಮಲಗಿ ಎದ್ದ ಬರೂದ್ರಾಗ ನೀ ಯಾರ ಮನ್ಯಾಗ ಇರ್ತಿ?”

ಎರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು. ಕೇಳಿದಾಗ ಸಂತೋಷಕ್ಕಿಂತ ಮೊದಲು ಹೆದರಿಕೆ ಬಂತು. ಅವನು ಸಹಿ ಮಾಡಿದರೆ ದಿನಾ ಕಣ್ಣೆದುರೇ ಇರುತ್ತಾನೆಂಬ ಆಸೆಯೂ ಒಂದು ಗಳಿಗೆ ಹಾದುಹೋಯಿತು. ಅವಳು ಆ ಎರಡನೆಯ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಹರಿದಳು.

“ನಾ ಎಲ್ಲಿಗೂ ಹೋಗೂದಿಲ್ಲ. ನೀ ಆಸ್ಪತ್ರಿಗೆ ಹೋಗು.”

ಅಂದು ಸಂಜೆ ಅಣ್ಣ ಗುಡದಪ್ಪನಿಗೆ, ಕುಂದಗೋಳದ ಸಂಬಂಧ ತನಗೆ ಬೇಡವೆಂದು ಹೇಳಿದಳು. ಅವನು ಬೈಯಲಿಲ್ಲ. ಉಂಡು, ಕೈತೊಳೆದು, ಹೊರಗೆ ಹೋದ. ಅವಳಿಗೆ ಬೈಗುಳವೇ ಎಷ್ಟೋ ವಾಸಿ ಅನಿಸಿತು.

ಮಶಾಕಸಾಬರು ಮರುದಿನ ಮಧ್ಯಾಹ್ನದೊಳಗೆ ಊರುಗೋಲು ತರುತ್ತೇನೆಂದಿದ್ದರು. ಅದು ಬರುವ ಮೊದಲೇ, ಬೆಳಗ್ಗೆ ಉಡಚಪ್ಪ ಮನೆಯ ಮೆಟ್ಟಿಲು ಇಳಿಯುತ್ತಿದ್ದ. ಒಣಗಿದ ಹತ್ತಿಕಟ್ಟಿಗೆ ಮುರಿದಂಥ ಸದ್ದು ಒಳಗಿದ್ದ ಅಪ್ಪ ಹುಲಿಗೆಪ್ಪನಿಗೂ ಕೇಳಿಸಿತು. ಸುದ್ದಿ ಕೇಳಿ ಮಾದೇವಿ ಓಡಿ ಬಂದಾಗ ಉಡಚಪ್ಪನ ಬಲಪಾದ ಹೊರಮಗ್ಗುಲಿಗೆ ತಿರುಗಿ ಬಿದ್ದಿತ್ತು.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗಾದಿ ಹಾಸಿ ಮಲಗಿಸಿದರು. ಓಣಿಯೆಲ್ಲ ನೋಡುತ್ತಿತ್ತು, ಗುಡದಪ್ಪನೂ ನಿಂತಿದ್ದ. ಮಾದೇವಿ ಹತ್ತಿ ಕುಳಿತು, ಕಾಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಳು. ನವಲಗುಂದದ ದವಾಖಾನೆಯವರೆಗೂ ಬಿಡಲಿಲ್ಲ.

“ಮಾದೇವಿ, ಕಾಲ ಹೋತೇನ?”

“ಕಾಲಿಂದ ನನಗ ಗೊತ್ತಿಲ್ಲ. ನಾ ಇಲ್ಲೇ ಅದೀನಿ.”

ಅಲ್ಲಿಂದ ಮಿಲಿಟರಿಯವರು ಅವನನ್ನು ಒಯ್ದರು. ಶಸ್ತ್ರಚಿಕಿತ್ಸೆಯಾಯಿತೆಂದು ಹುಲಿಗೆಪ್ಪನಿಗೆ ಒಂದು ಕಾರ್ಡು ಬಂತು, ಆಮೇಲೆ ನಾಲ್ಕು ತಿಂಗಳು ಏನೂ ಇಲ್ಲ. ಟಪಾಲಿನವ ಬಂದಾಗಲೆಲ್ಲ ಮಾದೇವಿ ಮಕ್ಕಳಿಗೆ ಹೇಳುತ್ತಿದ್ದ ಪದ್ಯ ಅರ್ಧಕ್ಕೆ ನಿಲ್ಲುತ್ತಿತ್ತು.

ಕಡೆಗೆ ಅವಳ ಹೆಸರಿಗೇ ಉಡಚಪ್ಪನ ಒಂದು ಇನ್‌ಲ್ಯಾಂಡ್ ಪತ್ರ ಬಂತು.

“ಕಾಲ ಎರಡ ಬೆರಳ ಗಿಡ್ಡ ಆಗೇತಿ. ಮಂಡಳಿಯವ್ರು ಬಿಡುಗಡಿ ಬರದಾರ. ಪಿಂಚಣಿ ಅರ್ಜಿ ಹಾಕೀನಿ. ಬರತೈತೊ ಇಲ್ಲೊ ಗೊತ್ತಿಲ್ಲ. ಇಪ್ಪತ್ತನೇ ತಾರೀಖಿಗೆ ಬರ್ತೀನಿ. ಅರ್ಜಿಯೊಳಗ ಹತ್ತಿರದವ್ರು ಯಾರು ಅಂತ ಕೇಳಿದ್ರು. ಅಪ್ಪನ ಹೆಸರ ಕೆಳಗ ನಿನ್ನ ಹೆಸರ ಹೇಳೀನಿ. ಏನಾಗಬೇಕು ಅಂದ್ರು. ಮುಂದ ಆಗೂ ಹೆಂಡತಿ ಅಂದೆ. ತಪ್ಪಾಗಿದ್ರ ಬರಿ, ಹೊಡದ ಹಾಕಸ್ತೀನಿ.”

ಅವಳು ಅದನ್ನು ಬಚ್ಚಿಡಲಿಲ್ಲ. ಅಣ್ಣನ ಮುಂದೆ ಇಟ್ಟು, ಬಾಗಿಲ ಹತ್ತಿರ ನಿಂತಳು. ಗುಡದಪ್ಪ ನಿಧಾನಕ್ಕೆ ಓದಿದ. ಮಡಿಚಿದ. ಮತ್ತೆ ಬಿಚ್ಚಿ ಇನ್ನೊಮ್ಮೆ ಓದಿದ.

“ಯಾವ ಬಸ್ಸಿಗೆ ಅಂತ ಬರದಿಲ್ಲಲ್ಲ,” ಅಂದ. “ಕೇಳಿ ಬರಿ. ಬಸ್ಸಿನ ಹತ್ರ ಹೋಗಿ ಇಳಿಸಿಕೊಂಡ ಬರಬೇಕಲ್ಲ ಅವನ್ನ.”