ಹಿಂದಿನ ಸೀಟು ಬಿಚ್ಚಿದ ಮೇಲೆ

“ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವ ರೇಸಲ್ಲಿ ಟೈಮು ಇಳಿಸ್ತಾನಂತೆ ಮಾರಾಯ,” ಎಂದು ಶಶಿಕಿರಣ ಎಲ್ಲರೆದುರು ನನ್ನನ್ನು ತೋರಿಸಿ ನಕ್ಕ. ಭಾರ ಇಳಿಸಿದರೆ ಅವನನ್ನು ಸೋಲಿಸಬಹುದೆಂದು, ಆ ಸಿಟ್ಟಿನಲ್ಲಿ ನನ್ನ ಝೆನ್ ಕಾರಿನ ಹಿಂದಿನ ಸೀಟು, ಸ್ಟೆಪ್ನಿ, ಕಡೆಗೆ ಬಾಗಿಲುಗಳ ಒಳಹಿಡಿಗಳನ್ನೂ ಬಿಚ್ಚಿ ಎಸೆದೆ.

2005ರ ಮಾರ್ಚ್, ಮಟಮಟ ಮಧ್ಯಾಹ್ನ. ಮೇಗುಂದದ ನೇರ ರಸ್ತೆಯಲ್ಲಿ ಇಬ್ಬರೂ ಹೊರಟೆವು. ನನ್ನ ಕಾರು ದಿಬ್ಬಣದ ಜನರನ್ನು ಹೊತ್ತಂತೆ ಹಿಂದಕ್ಕೆ ಕುಸಿದು ತೆವಳಿತು. ಕತ್ತಿಗೆ ತಣ್ಣನೆಯ ಉಸಿರು ತಾಗಿತು. ಹಿಂದಿನ ಗಾಜುಗಳು ಮಾತ್ರ ಒಳಗಿನಿಂದ ಮಂಜು ಕಟ್ಟಿದವು. ನಿಲ್ಲಿಸಿದೆ, ಬಾಗಿಲು ತೆಗೆಯಲು, ಗಾಜು ಇಳಿಸಲು ಹಿಡಿಯಿಲ್ಲ. ಗಾಜು ಬಡಿದೆ. ನನ್ನ ಬೆನ್ನ ಹಿಂದೆಯೂ ಗಾಜು ಬಡಿಯುವ ಸದ್ದಾಯಿತು.

ಗೆದ್ದಿದ್ದ ಶಶಿಕಿರಣ ಬಂದು ಹೊರಗಿನಿಂದ ಬಾಗಿಲು ತೆಗೆದ. ನಾನು ಇಳಿದ ಮೇಲೆ ಒಳಗೆ ಬಗ್ಗಿ ನೋಡಿದ.

“ಇಷ್ಟು ಜನನ್ನ ತುಂಬ್ಕಂಡು ಬಂದ್ರೆ ಗೆಲ್ಲಕ್ಕಾಗ್ತದ ಮಾರಾಯ?”

ಕಾರಿನ ಕೀಲಿಯನ್ನೂ ತೆಗೆದುಕೊಳ್ಳದೆ ನಡೆದುಬಿಟ್ಟೆ.